ಲೋಳಿಸರದ ಎರಡು ರಸಗಳು: ಗದಗ ಸೀಮೆಯ ಒಂದು ಮನೆಮದ್ದಿನ ಚರಿತ್ರೆ

ಪ್ರವೇಶ

ಗದಗ-ಬೆಟಗೇರಿಯ ಹಳೆಯ ಓಣಿಗಳಲ್ಲಿ ನಡೆದುಹೋಗುವವರಿಗೆ ಲೋಳಿಸರ ಎರಡು ಕಡೆ ಕಣ್ಣಿಗೆ ಬೀಳುತ್ತದೆ. ಒಂದು, ತಲೆಬಾಗಿಲ ಮೇಲೆ ಬೇರು ಮೇಲೆ, ಎಲೆ ಕೆಳಗೆ ಮಾಡಿ ತೂಗುಬಿಟ್ಟದ್ದು. ಇದು ದೃಷ್ಟಿ ತಾಗದಿರಲೆಂದು. ಇನ್ನೊಂದು, ಹಿತ್ತಲಿನಲ್ಲೋ ಮಾಳಿಗೆಯ ಕುಂಬಿಯ ಮೇಲೋ ಒಡಕು ಕೊಡದಲ್ಲಿ ಹಚ್ಚಿದ್ದು. ಇದು ಮದ್ದಿಗೆಂದು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲೂ ಇದೇ ನೋಟ. ಇಂದು ಅದಕ್ಕೆ ಮೂರನೆಯ ಜಾಗವೂ ಸಿಕ್ಕಿದೆ: ಔಷಧಿ ಅಂಗಡಿಯ ಕಪಾಟಿನಲ್ಲಿ ‘ಅಲೋವೆರಾ ಜ್ಯೂಸ್’ ಎಂಬ ಹಸಿರು ಬಾಟಲಿ.

ಈ ಗಿಡದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಸಾವಿರಾರು ವರ್ಷಗಳಿಂದ ನಮ್ಮವರು ಬಳಸುತ್ತ ಬಂದ ಸಂಜೀವಿನಿ’ ಎಂದು ಶುರುಮಾಡುತ್ತಾರೆ. ಆ ಮಾತನ್ನು ಪರೀಕ್ಷಿಸುವುದು ಈ ಲೇಖನದ ಒಂದು ಉದ್ದೇಶ. ಎರಡನೆಯದು ಇದಕ್ಕಿಂತ ಮುಖ್ಯ. ಲೋಳಿಸರದ ಎಲೆಯೊಳಗೆ ಇರುವುದು ಒಂದಲ್ಲ, ಎರಡು ರಸ. ಸಿಪ್ಪೆಯ ಒಳಮೈಗೆ ಅಂಟಿಕೊಂಡಿರುವ ಹಳದಿ ಬಣ್ಣದ ಕಹಿ ಹಾಲು ಒಂದು. ನಡುವಿನ ತಿಳಿಯಾದ ಲೋಳೆ ಇನ್ನೊಂದು. ಮೊದಲನೆಯದು ಹೊಟ್ಟೆ ತೊಳೆಯುವ ತೀಕ್ಷ್ಣ ಮದ್ದು, ಎರಡನೆಯದು ಉರಿ ಆರಿಸುವ ತಂಪು. ಇವೆರಡಕ್ಕೂ ಚರಿತ್ರೆ ಬೇರೆ, ಬಂದ ದಾರಿ ಬೇರೆ, ಹೆಸರೂ ಬೇರೆ. ಈ ಸೀಮೆಯ ಮನೆಮದ್ದಿನ ತಿರುಳು ಈ ಎರಡನ್ನು ಬೇರ್ಪಡಿಸುವ ಕೈಕೆಲಸದಲ್ಲಿದೆ ಎಂಬುದು ನನ್ನ ವಾದ.

ಗಿಡದ ತವರು

ಸಸ್ಯಶಾಸ್ತ್ರದ ಲೆಕ್ಕದಲ್ಲಿ ಲೋಳಿಸರ ಕಪ್ಪತಗುಡ್ಡದ ಮೂಲನಿವಾಸಿಯಲ್ಲ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಈ ಗುಡ್ಡಸಾಲು ಔಷಧಿ ಸಸ್ಯಗಳಿಗೆ ಹೆಸರುವಾಸಿ. 2019ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಣೆಯಾಗಿದೆ. ‘ಎಲ್ಲ ಮದ್ದೂ ಕಪ್ಪತಗುಡ್ಡದ್ದೇ’ ಎಂಬ ನಂಬಿಕೆ ಸುತ್ತಲಿನ ಊರುಗಳಲ್ಲಿ ಬಲವಾಗಿದೆ. ಆದರೆ ಲೋಳಿಸರದ ತವರು ಅರೇಬಿಯಾ ಪರ್ಯಾಯದ್ವೀಪ ಎಂಬುದು ಈಗಿನ ಸಸ್ಯವಿಜ್ಞಾನಿಗಳ ಒಮ್ಮತ. ಲಿನೇಯಸ್ 1753ರಲ್ಲಿ ಇದನ್ನು ಒಂದು ಪ್ರಭೇದದ ಉಪಭೇದವಾಗಿ ದಾಖಲಿಸಿದ. ಇಂದಿಗೂ ನಡೆಯುತ್ತಿರುವ ‘ಅಲೋ ವೆರಾ’ ಎಂಬ ಶಾಸ್ತ್ರೀಯ ಹೆಸರು 1768ರಲ್ಲಿ ನಿಕೋಲಾಸ್ ಬರ್ಮನ್‌ನ ‘ಫ್ಲೋರಾ ಇಂಡಿಕಾ’ದಲ್ಲಿ ಅಚ್ಚಾಯಿತು.

ಅರೇಬಿಯಾದ ಗಿಡ ಗದಗಿನ ಹಿತ್ತಲಿಗೆ ಇಷ್ಟು ಒಗ್ಗಿಕೊಂಡದ್ದು ಹೇಗೆ? ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು, ಅದೂ ನೆಚ್ಚಿಕೆಯಿಲ್ಲದ್ದು. ಲೋಳಿಸರ ಹಗಲಿನ ಬಿಸಿಲಿನಲ್ಲಿ ತನ್ನ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತದೆ. ಹೀಗಾಗಿ ಕುಡಿದ ನೀರು ಎಲೆಯಲ್ಲೇ ಉಳಿಯುತ್ತದೆ. ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಗಿಡ ಮಣ್ಣು-ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದರ ಗುಟ್ಟೂ ಇದೇ. ಸಾಯದ ಗಿಡ ಮನೆ ಕಾಯುತ್ತದೆ ಎಂಬ ನಂಬಿಕೆ ಈ ನೋಟದಿಂದ ಹುಟ್ಟಿದ್ದರೆ ಅಚ್ಚರಿಯಿಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಹೊಲದ ಬದುವಿನಲ್ಲಿ ಬೇಲಿಯಾಗಿ ನಿಂತಿರುವ, ನಾರಿಗೆ ಬಳಸುವ ಕತ್ತಾಳಿ ಬೇರೆ ಗಿಡ. ಅದು ಅಮೆರಿಕ ಖಂಡದ ಅಗೇವ್. ಪೋರ್ಚುಗೀಸರು ಬರುವ ಮೊದಲು ಇಲ್ಲಿ ಇರಲಿಲ್ಲ. ತಮಿಳರು ಲೋಳಿಸರವನ್ನು ‘ಕತ್ತಾಳೈ’ ಎನ್ನುತ್ತಾರೆ. ನಮ್ಮಲ್ಲೂ ಕೆಲವೆಡೆ ‘ಕತ್ತಾಳೆ’ ಎಂಬ ಹೆಸರು ಇದಕ್ಕೂ ಸಲ್ಲುತ್ತದೆ. ಹೊಸದಾಗಿ ಬಂದ ಗಿಡ ಹಳೆಯ ಗಿಡದ ಹೆಸರನ್ನು ಕಸಿದುಕೊಂಡಂತೆ ತೋರುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಲೋಳಿಸರದ ಎಲೆ ಉಗುರಿಗೆ ಮುರಿಯುವಷ್ಟು ಮೆತ್ತಗೆ, ಒಳಗೆ ಲೋಳೆ. ಅದು ಹಲವು ಸಲ ಹೂ ಬಿಡುತ್ತದೆ. ಕತ್ತಾಳಿಯ ಎಲೆಯೊಳಗೆ ನಾರು, ತುದಿಯಲ್ಲಿ ಗಟ್ಟಿ ಮುಳ್ಳು. ಅದು ಒಮ್ಮೆ ಹೂಗೊಂಚಲು ಎತ್ತಿ ಸಾಯುತ್ತದೆ. ಕತ್ತಾಳಿಯ ರಸ ಮೈಗೆ ತಾಗಿದರೆ ತುರಿಕೆ, ಉರಿ ಏಳುತ್ತದೆ. ಒಂದರ ಬದಲು ಇನ್ನೊಂದನ್ನು ಹಚ್ಚಿದರೆ ಮದ್ದೇ ಗಾಯವಾಗುತ್ತದೆ.

ಹೆಸರುಗಳು ಹೇಳುವ ಕಥೆ

ಗ್ರಂಥಾಧಾರ ತೆಳುವಾಗಿರುವಲ್ಲಿ ಹೆಸರುಗಳೇ ಸಾಕ್ಷಿ. ಗದಗ ಸೀಮೆಯ ಆಡುಮಾತಿನಲ್ಲಿ ಎಕಾರಾಂತ ಪದಗಳು ಇಕಾರಕ್ಕೆ ತಿರುಗುತ್ತವೆ. ಮನೆ ‘ಮನಿ’ಯಾದಂತೆ ಲೋಳೆಸರ ‘ಲೋಳಿಸರ’. ಲೋಳೆ ಎಂದರೆ ಜಾರುವ, ಅಂಟುವ ರಸಕ್ಕೆ ನಮ್ಮದೇ ಮಾತು. ಜನ ಈ ಗಿಡವನ್ನು ಗುರುತಿಸಿದ್ದು ಅದರ ನಡುವಿನ ತಿಳಿ ರಸದಿಂದ.

ಶಿರಹಟ್ಟಿ ಹಿಂದೆ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆ ಮುಂಬಯಿ ಪ್ರಾಂತ್ಯದ ಭಾಗ. ಕಚೇರಿ, ಪೇಟೆ, ಸಂತೆಗಳಲ್ಲಿ ಮರಾಠಿ ಓಡಾಡಿದ ಈ ನೆಲಕ್ಕೆ ಮರಾಠಿಯ ‘ಕೋರಫಡ’ ಎಂಬ ಹೆಸರೂ ಅಪರಿಚಿತವಲ್ಲ. ವೈದ್ಯರ ಬಾಯಲ್ಲಿ ಅದು ‘ಕುಮಾರಿ’ ಅಥವಾ ‘ಘೃತಕುಮಾರಿ’.

ಇವೆಲ್ಲ ಗಿಡದ ಹೆಸರು. ಕಹಿ ಹಾಲನ್ನು ಒಣಗಿಸಿ ಮಾಡಿದ ಕಪ್ಪು ಗಟ್ಟಿಗೆ ಇರುವ ಹೆಸರುಗಳ ಸಾಲೇ ಬೇರೆ: ಕರಿಬೋಳ, ಮುಸಾಂಬರ, ಎಳಿಯಾ. ‘ಮುಸಾಂಬರ’ ಅರಬ್ಬಿಯ ‘ಮುಸಬ್ಬರ್’ನಿಂದ ಬಂದದ್ದು, ಅದರ ಧಾತು ‘ಸಬ್ರ್’. ಇದೇ ಧಾತುವಿನಿಂದ ಸ್ಪ್ಯಾನಿಷರ ‘ಅಸೀಬರ್’, ಪೋರ್ಚುಗೀಸರ ‘ಅಜೆವ್ರೆ’ ಹುಟ್ಟಿದವು. ಲೋಳೆಗೆ ಅಚ್ಚಗನ್ನಡದ ಹೆಸರು, ಕಹಿ ಗಟ್ಟಿಗೆ ಅರಬ್ಬಿ ಮೂಲದ ಹೆಸರು. ಮೊದಲನೆಯದು ಹಿತ್ತಲಿನಲ್ಲಿ ಬೆಳೆದ ತಿಳಿವಳಿಕೆ, ಎರಡನೆಯದು ಹಡಗಿನಲ್ಲಿ ಬಂದ ಸರಕು ಎಂದು ಹೆಸರುಗಳೇ ಸಾರುತ್ತವೆ.

‘ಬೋಳ’ ಎಂಬ ಪದ ಇನ್ನೊಂದು ಎಚ್ಚರವನ್ನು ಬೇಡುತ್ತದೆ. ಬಾಣಂತಿ ಮದ್ದಿನಲ್ಲಿ ಹೆಸರಾದ ಹೀರಾಬೋಳ ಒಂದು ಮರದ ಅಂಟು. ಆಫ್ರಿಕಾ-ಅರೇಬಿಯಾ ಕಡೆಯಿಂದ ಬರುವ ಸರಕು. ಕರಿಬೋಳ ಲೋಳಿಸರದ ಜಾತಿಯ ಗಿಡಗಳ ಕಹಿ ಹಾಲು. ಎರಡೂ ಒಂದೇ ಕಡಲದಾರಿಯಲ್ಲಿ, ಒಂದೇ ಅಂಗಡಿಗೆ ಬಂದುವು; ಹೆಸರೂ ಕೂಡಿಕೊಂಡಿತು. ಗುಣ ಮಾತ್ರ ಕೂಡಲಿಲ್ಲ.

ಗ್ರಂಥಗಳ ಸಾಕ್ಷ್ಯ

ಆಯುರ್ವೇದದ ಹಳೆಯ ಸಂಹಿತೆಗಳಾದ ಚರಕ, ಸುಶ್ರುತಗಳಲ್ಲಿ ಕುಮಾರಿಗೆ ಹೇಳಿಕೊಳ್ಳುವಂಥ ಸ್ಥಾನವಿಲ್ಲ. ಅದು ಎದ್ದುಕಾಣುವುದು ಮಧ್ಯಯುಗದ ಗ್ರಂಥಗಳಲ್ಲಿ. ರಸಶಾಸ್ತ್ರದ ಕೃತಿಗಳು ಪಾದರಸ ಮತ್ತು ಲೋಹಗಳನ್ನು ಅರೆಯಲು, ರಸದಲ್ಲಿ ನೆನೆಸಿ ಮತ್ತೆ ಅರೆಯುವ ‘ಭಾವನೆ’ ಕೊಡಲು ಕುಮಾರಿ ರಸವನ್ನು ಮತ್ತೆ ಮತ್ತೆ ಹೇಳುತ್ತವೆ. ಶಾರ್ಙ್ಗಧರ ಸಂಹಿತೆಯಲ್ಲಿ ‘ಕುಮಾರ್ಯಾಸವ’ ಬರುತ್ತದೆ. ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ಅದು ಮಾರಾಟವಾಗುತ್ತದೆ. 16ನೇ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಕುಮಾರಿಯ ಗುಣಗಳನ್ನು ಪಟ್ಟಿ ಮಾಡುತ್ತಾನೆ. ಅದು ಮಲವನ್ನು ಭೇದಿಸುವಂಥದು, ತಂಪು, ಕಹಿ. ಯಕೃತ್ತು-ಗುಲ್ಮಗಳ ಊತಕ್ಕೆ, ಬೆಂಕಿ ಸುಟ್ಟ ಗಾಯಕ್ಕೆ, ಬೊಕ್ಕೆಗೆ, ಚರ್ಮರೋಗಕ್ಕೆ ಹಿತ ಎನ್ನುತ್ತಾನೆ. ಭೇದಿಸುವ ಕಹಿ ಹಾಲು ಮತ್ತು ಸುಟ್ಟಗಾಯ ಆರಿಸುವ ಲೋಳೆ, ಎರಡೂ ಒಂದೇ ಹೆಸರಿನ ಕೆಳಗೆ ಬಂದಿವೆ. ‘ಭೈಷಜ್ಯ ರತ್ನಾವಳಿ’ಯ ‘ರಜಃಪ್ರವರ್ತಿನಿ ವಟಿ’ಯಲ್ಲಿ ಮಾತ್ರ ಬಳಕೆಯಾಗುವುದು ಒಣಗಿಸಿದ ‘ಕನ್ಯಾಸಾರ’. ತಡೆದ ಮುಟ್ಟನ್ನು ತರಿಸುವ ಮದ್ದು ಅದು.

ಮಧ್ಯಯುಗದಲ್ಲಿ ಗದಗ ಸೀಮೆ ಏನಾಗಿತ್ತು? ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ‘ಕವಿರಾಜಮಾರ್ಗ’ ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಅದೂ ಒಂದು. ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿ ಲಕ್ಕುಂಡಿ, ಡಂಬಳ, ಪುಲಿಗೆರೆಗಳು ಗುಡಿ, ಬಸದಿ, ವಿಹಾರಗಳಿಂದ ತುಂಬಿದ್ದವು. ಅದೇ ಚಾಲುಕ್ಯರ ಕಾಲದಲ್ಲಿ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ ಬರೆದ. ಅಡುಗೆ, ಗಿಡಮರ, ನೀರು ಹುಡುಕುವ ವಿದ್ಯೆ, ಮನುಷ್ಯರ ಮದ್ದು ಎಲ್ಲವೂ ಆ ಒಂದೇ ಪುಸ್ತಕದ ಅಧ್ಯಾಯಗಳು. ಅದರ ಹಿಂದೆಯೇ 12ನೇ ಶತಮಾನದಲ್ಲಿ ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಬಂದವು. ಅಡುಗೆಮನೆ, ಹಿತ್ತಲು, ಕೊಟ್ಟಿಗೆ, ಮದ್ದು ಇವು ಬೇರೆಬೇರೆ ಶಾಸ್ತ್ರಗಳಲ್ಲ, ಒಂದೇ ಬಾಳಿನ ಭಾಗಗಳು ಎಂಬ ದೃಷ್ಟಿ ಕನ್ನಡದಲ್ಲಿ ಸಾವಿರ ವರ್ಷ ಹಳೆಯದು. ಲೋಳಿಸರದ ಬಳಕೆ ಕಾಲಾಂತರದಲ್ಲಿ ಬಂದು ಸೇರಿಕೊಂಡದ್ದು ಇಂಥ ಸಿದ್ಧ ನೆಲಕ್ಕೆ.

ಹೊರಗಿನವರ ದಾಖಲೆಗಳಲ್ಲಿ ಕಹಿ ಗಟ್ಟಿಯದೇ ಮೇಲುಗೈ. ಕ್ರಿ.ಶ. 1ನೇ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಕಡಲಯಾನದ ಕೈಪಿಡಿ ದಕ್ಷಿಣ ಅರೇಬಿಯಾದ ಕನೆ ಬಂದರಿನಿಂದ ಈ ಸರಕು ಹೋಗುತ್ತಿತ್ತೆಂದು ಹೇಳುತ್ತದೆ. ಅದೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಈ ಗಿಡ ಭಾರತದಲ್ಲಿ ಹೇರಳವೆಂದು ಬರೆದ. ನಮಗೆ ಹೆಚ್ಚು ಹತ್ತಿರದ ಸಾಕ್ಷಿ ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ. 1563ರಲ್ಲಿ ಗೋವೆಯಲ್ಲೇ ಅಚ್ಚಾದ ಅವನ ಸಂವಾದ ಗ್ರಂಥದಲ್ಲಿ ಮೊದಮೊದಲ ಸಂವಾದವೊಂದು ಇಡಿಯಾಗಿ ಈ ಮದ್ದಿಗೆ ಮೀಸಲು. ಸೊಕೊಟ್ರಾ ದ್ವೀಪದ ಸರಕೇ ಶ್ರೇಷ್ಠ ಎಂಬುದು ಅವನ ತೀರ್ಪು. ಕರಾವಳಿಯ ಜನ ಇದನ್ನು ಕರೆಯುವ ಹೆಸರು ‘ಕಾತೆಕೋಮೆರ್’ ಎಂದೂ ಅವನು ಬರೆದಿಟ್ಟ. ಆ ಪೋರ್ಚುಗೀಸ್ ಕಾಗುಣಿತದ ಹಿಂದೆ ‘ಮುಳ್ಳಿನ ಕುಮಾರಿ’ ಎಂಬ ಕೊಂಕಣಿ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಅಂದರೆ 16ನೇ ಶತಮಾನದ ಹೊತ್ತಿಗೆ ಸಹ್ಯಾದ್ರಿಯ ಆಚೆ ಬದಿಯಲ್ಲಿ ಈ ಗಿಡಕ್ಕೆ ಮನೆಮಾತಿನ ಹೆಸರು ಬಂದುಹೋಗಿತ್ತು. 19ನೇ ಶತಮಾನದಲ್ಲಿ ಕಾಠಿಯಾವಾಡದ ಜಾಫರಾಬಾದಿನಲ್ಲಿ ತಯಾರಾದ ಕರಿಬೋಳ ಮುಂಬಯಿ ಪೇಟೆಯಲ್ಲಿ ಮಾರಾಟವಾಗುತ್ತಿತ್ತು. 1884ರಲ್ಲಿ ಗದಗಿಗೆ ರೈಲು ಬಂದ ಮೇಲೆ ಮುಂಬಯಿಯ ಸರಕಿಗೆ ಈ ಪೇಟೆ ಹತ್ತಿರವಾಯಿತು.

ಇವೆಲ್ಲವನ್ನೂ ಕೂಡಿಸಿದರೆ ಸಿಗುವ ತೀರ್ಮಾನ ಹೀಗೆ: ಕರಿಬೋಳದ ವ್ಯಾಪಾರ ಎರಡು ಸಾವಿರ ವರ್ಷ ಹಳೆಯದು, ಹಸಿ ಲೋಳೆಯನ್ನು ಮದ್ದಾಗಿ ಹೇಳುವ ಭಾರತೀಯ ಗ್ರಂಥಾಧಾರ ಬಲಗೊಳ್ಳುವುದು ಮಧ್ಯಯುಗದಲ್ಲಿ. ‘ಸಾವಿರಾರು ವರ್ಷ’ದ ಮಾತು ಮೊದಲನೆಯದಕ್ಕೆ ಒಪ್ಪುತ್ತದೆ, ಎರಡನೆಯದಕ್ಕೆ ಅಷ್ಟಾಗಿ ಒಪ್ಪುವುದಿಲ್ಲ.

ಅಡುಗೆಮನೆಯ ಕೈಕ್ರಮ

ಈಗ ಮನೆಯೊಳಗೆ ಬರೋಣ. ಬೆಳೆದ ಗಿಡದ ಹೊರಸುತ್ತಿನ ದಪ್ಪ ಎಲೆಯನ್ನು ಬುಡದಲ್ಲಿ ಕೊಯ್ಯುತ್ತಾರೆ; ನಡುವಿನ ಎಳೆಯ ಸುಳಿಯನ್ನು ಮುಟ್ಟುವುದಿಲ್ಲ. ಕೊಯ್ದ ಎಲೆಯನ್ನು ಒಂದು ಬಟ್ಟಲಿನಲ್ಲಿ ಕೊಯ್ದ ಬಾಯಿ ಕೆಳಗಾಗಿ ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ. ಸ್ವಲ್ಪ ಹೊತ್ತಿಗೆ ಬಟ್ಟಲ ತಳದಲ್ಲಿ ಅರಿಸಿನ ಕದಡಿದಂಥ ಹಳದಿ ನೀರು ಕೂಡುತ್ತದೆ. ಅದಕ್ಕೆ ವಾಸನೆಯಿದೆ, ನಾಲಿಗೆಗೆ ತಾಗಿದರೆ ಗಂಟೆಗಟ್ಟಲೆ ಬಿಡದ ಕಹಿಯಿದೆ. ‘ಹಳದಿ ನೀರ ಪೂರಾ ಸೋರ್ಲಿ, ಆಮ್ಯಾಲ ಹೆಚ್ಚು’ ಎನ್ನುವ ಹಿರಿಯರ ಮಾತಿನಲ್ಲಿ ಇಡೀ ಶಾಸ್ತ್ರವಿದೆ. ಆಮೇಲೆ ಎರಡೂ ಬದಿಯ ಮುಳ್ಳು ತೆಗೆದು, ಮೇಲಿನ ಸಿಪ್ಪೆ ಸುಲಿದು, ಗಾಜಿನಂಥ ಲೋಳೆಯನ್ನು ತುಂಡು ಮಾಡಿ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ಚಿಟಿಕೆ ಉಪ್ಪು ಹಾಕಿದರೆ ಜಿಗಿ ಬೇಗ ಬಿಡುತ್ತದೆ. ಕಹಿ ಹೋಯಿತೋ ಇಲ್ಲವೋ ಎಂಬುದಕ್ಕೆ ನಾಲಿಗೆಯೇ ಅಳತೆಗೋಲು.

ಹೀಗೆ ತೊಳೆದ ಲೋಳೆ ಹೊರಗೆ ಹಚ್ಚಲೂ ಒಳಗೆ ತೆಗೆದುಕೊಳ್ಳಲೂ ಬರುತ್ತದೆ. ಹೊರಬಳಕೆಯಲ್ಲಿ ಮೊದಲ ಸ್ಥಾನ ಸುಟ್ಟಗಾಯಕ್ಕೆ. ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ಬೇಯುವ ಮನೆಗಳಲ್ಲಿ ಹಂಚು ತಾಗಿ ಬೆರಳು ಚುರುಗುಟ್ಟುವುದು ನಿತ್ಯದ ಮಾತು. ಅದಕ್ಕೆ ಒಡಕು ಕೊಡದ ಗಿಡವೇ ಮೊದಲ ಆಸ್ಪತ್ರೆ. ತಲೆಗೆ ಹಚ್ಚುವ ಎಣ್ಣೆಯಲ್ಲಿ ಲೋಳೆ ಕಾಯಿಸುವುದೂ ಉಂಟು. ಒಳಬಳಕೆಯಲ್ಲಿ ಅಡಕಿಯಷ್ಟು ತುಂಡನ್ನು ಸಕ್ಕರೆ ಅಥವಾ ಬೆಲ್ಲದೊಂದಿಗೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವುದು, ಇಲ್ಲವೆ ಜೀರಿಗೆ ಹಾಕಿ ಮಜ್ಜಿಗೆಯಲ್ಲಿ ಕಡೆದು ಕುಡಿಯುವುದು ವಾಡಿಕೆ. ಮೈಯ ಉಷ್ಣ, ಉರಿಮೂತ್ರ, ಹೆಂಗಸರ ಬಿಳುಪು ಹೋಗುವ ತೊಂದರೆ ಇದಕ್ಕೆ ಹೇಳುವ ಕಾರಣಗಳು.

ಕಹಿ ಹಾಲನ್ನೂ ಜನ ಸುಮ್ಮನೆ ಚೆಲ್ಲಲಿಲ್ಲ. ಮೊಲೆ ಬಿಡದ ಕೂಸಿಗೆ ಹಾಲು ಬಿಡಿಸಲು ತಾಯಿ ಅದನ್ನೇ ಹಚ್ಚಿಕೊಳ್ಳುತ್ತಿದ್ದಳು. ಉಳುಕಿದ, ಬಾತ ಜಾಗಕ್ಕೆ ಕರಿಬೋಳವನ್ನು ತೇದು ಬಿಸಿ ಮಾಡಿ ಪಟ್ಟು ಹಾಕುತ್ತಿದ್ದರು. ಗಮನಿಸಬೇಕಾದದ್ದು, ಇವೆರಡೂ ಹೊರಬಳಕೆ. ಹಳದಿ ಹಾಲನ್ನು ಅಳತೆಯಿಲ್ಲದೆ ಹೊಟ್ಟೆಗೆ ತೆಗೆದುಕೊಳ್ಳುವುದನ್ನು ಮನೆಮದ್ದು ದೂರವೇ ಇಟ್ಟಿತ್ತು. ಅದು ವೈದ್ಯರ ಕೈಯ ಕೆಲಸವಾಗಿತ್ತು.

ಊಟವೋ, ಮದ್ದೋ?

ಲೋಳಿಸರವನ್ನು ‘ಆಹಾರ’ ಎಂದು ಕರೆಯುವಾಗ ಪ್ರದೇಶ ಭೇದ ಮರೆಯಬಾರದು. ರಾಜಸ್ಥಾನದ ಒಣನಾಡಿನಲ್ಲಿ ‘ಗ್ವಾರಪಾಠಾ’ ಎಂಬ ಹೆಸರಿನಲ್ಲಿ ಇದರ ಪಲ್ಯ, ಉಂಡೆ ಮಾಡುತ್ತಾರೆ. ನಮ್ಮ ಮಲೆನಾಡು-ಕರಾವಳಿಯ ಕೆಲವು ಅಡುಗೆಮನೆಗಳಲ್ಲಿ ತಂಬುಳಿ, ದೋಸೆಗೆ ಇದನ್ನು ಬಳಸುವುದುಂಟು. ಗದಗ ಸೀಮೆಯ ರೊಟ್ಟಿಯ ತಾಟಿನಲ್ಲಿ ಪುಂಡಿಪಲ್ಯ, ಹತ್ತರಕಿ, ಕಿರಕಸಾಲಿಯಂಥ ಸೊಪ್ಪುಗಳು ಬಂದವು. ಲೋಳಿಸರಕ್ಕೆ ಪಲ್ಯದ ಪಟ್ಟ ಸಿಗಲಿಲ್ಲ. ಅದು ಇಲ್ಲಿ ‘ತಿನ್ನುವ ಮದ್ದು’ ಆಗಿಯೇ ಉಳಿಯಿತು: ಅಡಕಿಯಷ್ಟು, ಕೆಲವು ದಿನ, ಕಾರಣವಿದ್ದಾಗ. ದಿನವೂ ಲೋಟ ತುಂಬ ಕುಡಿಯುವ ರೂಢಿ ಬಾಟಲಿಯ ಜೊತೆಗೆ ಬಂದದ್ದು, ಅಜ್ಜಿಯ ಜೊತೆಗಲ್ಲ.

ಕೊಟ್ಟಿಗೆಯ ಪುರಾವೆ

ಮನೆಮದ್ದಿಗೆ ಇಂದಿನ ವಿಜ್ಞಾನದ ಮುದ್ರೆ ಸ್ಪಷ್ಟವಾಗಿ ಬಿದ್ದಿರುವುದು ದನಗಳ ವಿಷಯದಲ್ಲಿ. ಆಕಳ ಕೆಚ್ಚಲು ಬಾವಿಗೆ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎನ್. ಪುಣ್ಯಮೂರ್ತಿ ಅವರು ನಾಟಿ ಪದ್ಧತಿಯಿಂದ ರೂಪಿಸಿದ ಮದ್ದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಾಲು ಉತ್ಪಾದಕರಲ್ಲಿ ಪ್ರಚಾರ ಮಾಡುತ್ತಿದೆ. 250 ಗ್ರಾಂ ಲೋಳಿಸರ, 50 ಗ್ರಾಂ ಅರಿಸಿನ ಪುಡಿ, 15 ಗ್ರಾಂ ಸುಣ್ಣ ಸೇರಿಸಿ ಅರೆದು, ಕೆಚ್ಚಲು ತೊಳೆದು ದಿನಕ್ಕೆ ಹತ್ತು ಸಲದಂತೆ ಐದು ದಿನ ತೆಳುವಾಗಿ ಹಚ್ಚುವ ಕ್ರಮ ಅದು. ಪ್ರತಿಜೈವಿಕ ಔಷಧಿಯ ಶೇಷ ಹಾಲಿನಲ್ಲಿ ಉಳಿಯುವುದನ್ನು ತಗ್ಗಿಸುವುದು ಇದರ ಉದ್ದೇಶ. ಇಲ್ಲಿ ಎಲೆಯನ್ನು ಇಡಿಯಾಗಿ ಅರೆಯುತ್ತಾರೆ, ಹಳದಿ ಹಾಲು ಬೇರ್ಪಡಿಸುವುದಿಲ್ಲ. ಏಕೆಂದರೆ ಮದ್ದು ಹೊಟ್ಟೆಗೆ ಹೋಗುವುದಿಲ್ಲ.

ಮನುಷ್ಯರ ಸುಟ್ಟಗಾಯದ ಬಗ್ಗೆ ಆಧುನಿಕ ಆಸಕ್ತಿ ಹುಟ್ಟಿದ್ದು 1935ರಲ್ಲಿ. ಅಮೆರಿಕದ ಕಾಲಿನ್ಸ್ ಎಂಬ ವೈದ್ಯರು ಕ್ಷಕಿರಣದಿಂದಾದ ಚರ್ಮದ ಗಾಯಕ್ಕೆ ಲೋಳೆ ಹಚ್ಚಿ ಗುಣವಾದುದನ್ನು ವರದಿ ಮಾಡಿದರು. 2007ರಲ್ಲಿ ಥಾಯ್ಲೆಂಡಿನ ಸಂಶೋಧಕರು 371 ರೋಗಿಗಳನ್ನೊಳಗೊಂಡ ನಾಲ್ಕು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಮೇಲ್ಮಟ್ಟದ ಸುಟ್ಟಗಾಯ ಸುಮಾರು ಒಂಬತ್ತು ದಿನ ಬೇಗ ಮಾಯುತ್ತದೆ ಎಂದರು. ಅಧ್ಯಯನಗಳು ಒಂದೇ ಬಗೆಯವಲ್ಲ ಎಂದೂ ಎಚ್ಚರಿಸಿದರು. ಆಳವಾದ ಸುಟ್ಟಗಾಯಕ್ಕೆ ಆಸ್ಪತ್ರೆಯೇ ದಾರಿ.

ಕಹಿ ಹಾಲಿನ ವಿಷಯ ಬೇರೆಯೇ ಆಯಿತು. ಅದರ ಮುಖ್ಯ ಅಂಶ ಅಲೋಯಿನ್ ದೊಡ್ಡ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ. 2002ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಚೀಟಿಯಿಲ್ಲದೆ ಮಾರುವ ಭೇದಿಮದ್ದುಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿತು. ಇಡೀ ಎಲೆಯ ಸಾರ ಕುಡಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆಗಳು ಕಂಡ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ ಸಾರವನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ’ 2ಬಿ ಗುಂಪಿಗೆ ಸೇರಿಸಿತು. ಈ ಎಚ್ಚರಿಕೆ ಹಳದಿ ಹಾಲು ತೆಗೆಯದ ಇಡೀ ಎಲೆಯ ಸಾರಕ್ಕೆ ಸಂಬಂಧಿಸಿದ್ದು, ತೊಳೆದ ಲೋಳೆಗಲ್ಲ.

ಉಪಸಂಹಾರ

ಇಂದಿನ ಕಾರ್ಖಾನೆಗಳು ಕುಡಿಯುವ ಲೋಳೆರಸ ತಯಾರಿಸುವಾಗ ಇದ್ದಿಲಿನ ಮೂಲಕ ಸೋಸಿ ಅಲೋಯಿನ್ ತೆಗೆಯುತ್ತವೆ. ಹತ್ತು ಲಕ್ಷ ಭಾಗಕ್ಕೆ 10 ಭಾಗಕ್ಕಿಂತ ಹೆಚ್ಚು ಅಲೋಯಿನ್ ಇರಬಾರದೆಂಬುದು ಉದ್ಯಮದ ಅಂತಾರಾಷ್ಟ್ರೀಯ ಮಂಡಳಿಯ ಅಳತೆ. ಬಟ್ಟಲಿನಲ್ಲಿ ಎಲೆ ಒರಗಿಸಿ, ಉಪ್ಪುನೀರಿನಲ್ಲಿ ತೊಳೆದು, ನಾಲಿಗೆಯಿಂದ ಪರೀಕ್ಷಿಸುತ್ತಿದ್ದವರು ಹಿಡಿದಿದ್ದೂ ಇದೇ ದಾರಿ. ಅವರ ಬಳಿ ಅಂಕಿಯಿರಲಿಲ್ಲ, ಅಷ್ಟೆ. ಗ್ರಂಥಗಳು ‘ಕುಮಾರಿ’ ಎಂದು ಒಂದೇ ಹೆಸರಿನಲ್ಲಿ ಕಟ್ಟಿಕೊಟ್ಟದ್ದನ್ನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಅಡುಗೆಮನೆಗಳು ಎರಡಾಗಿ ಬಿಡಿಸಿ ನೋಡಿದವು. ಈ ಸೀಮೆಯ ಕೊಡುಗೆ ಎಂದು ಹೆಮ್ಮೆಪಡಬೇಕಾದದ್ದು ಗಿಡದ ಪುರಾತನತೆಗಲ್ಲ, ಈ ವಿವೇಕಕ್ಕೆ.

ಆದ್ದರಿಂದ ಮನೆಮದ್ದನ್ನು ದಾಖಲಿಸುವ ಸಂಶೋಧಕರು ಮತ್ತು ವಿದ್ಯಾರ್ಥಿಗಳಲ್ಲಿ ಒಂದು ಅರಿಕೆ. ‘ಲೋಳಿಸರ ಇಂಥ ರೋಗಕ್ಕೆ ಒಳ್ಳೆಯದು’ ಎಂದಷ್ಟೇ ಬರೆದುಕೊಂಡು ಬರಬೇಡಿ. ಯಾವ ಎಲೆ, ಎಷ್ಟು ಹೊತ್ತು ಸೋರಿಸಿದರು, ಎಷ್ಟು ಸಲ ತೊಳೆದರು, ಎಷ್ಟು ಕೊಟ್ಟರು, ಎಷ್ಟು ದಿನಕ್ಕೆ ನಿಲ್ಲಿಸಿದರು, ಯಾರಿಗೆ ಕೊಡಲಿಲ್ಲ ಎಂಬುದನ್ನೂ ಬರೆದುಕೊಳ್ಳಿ. ಬಳಸುವವರಿಗೂ ಒಂದು ಎಚ್ಚರಿಕೆ: ಬಸುರಿಗೆ ಮತ್ತು ಮೊಲೆಯೂಡಿಸುವ ತಾಯಿಗೆ ಹಳದಿ ಹಾಲಿನ ಸೋಂಕಿರುವ ಯಾವ ತಯಾರಿಕೆಯನ್ನೂ ಹೊಟ್ಟೆಗೆ ಕೊಡಬಾರದು.